ಹೊಗೆಯ ಹದ

ಹೊಗೆಗೆ ನಮ್ಮ ನುಡಿಯಲ್ಲಿ ಒಳ್ಳೆಯ ಹೆಸರಿಲ್ಲ. ಇಬ್ಬರ ನಡುವೆ ಮನಸ್ತಾಪವಿದ್ದರೆ ಒಳಗೊಳಗೇ ಹೊಗೆಯಾಡುತ್ತಿದೆ ಎನ್ನುತ್ತೇವೆ. ಪರರ ಮೇಲೆ ಅಪವಾದ ಹೊರಿಸುವಾಗ ಬೆಂಕಿಯಿಲ್ಲದೆ ಹೊಗೆಯೇಳದೆಂಬ ಮಾತನ್ನು ಸಾಕ್ಷಿಗೆ ಕರೆಯುತ್ತೇವೆ. ಆದರೆ ಮನುಷ್ಯನ ಅಡುಗೆಯ ಚರಿತ್ರೆಯನ್ನು ಬಲ್ಲವರು ಹೊಗೆಯನ್ನು ಇಷ್ಟು ಹಗುರವಾಗಿ ಕಾಣಲಾರರು. ಇಂದಿನ ಊಟವನ್ನು ಬೇಯಿಸಿದ್ದು ಬೆಂಕಿ. ಉಳಿದುದನ್ನು ನಾಳೆಗೆ ಕಾದಿಟ್ಟವುಗಳಲ್ಲಿ ಉಪ್ಪು, ಬಿಸಿಲುಗಳೊಡನೆ ಹೊಗೆಯೂ ಒಂದು.

ನಮ್ಮ ಉಟಗಿಯ ಸುತ್ತಿನ ಹೊಲಗಳಲ್ಲಿ ಹಿಂಗಾರಿ ಜೋಳ ಹಾಲು ತುಂಬಿ, ಇನ್ನೂ ಬಲಿಯದಿರುವ ದಿನಗಳು ಸೀತೆನೆ ಸುಡುವ ದಿನಗಳು. ನೆಲದಲ್ಲಿ ಚಿಕ್ಕ ಕುಣಿ ತೋಡಿ, ಕುಳ್ಳು ಹೊತ್ತಿಸಿ, ಉರಿ ಅಡಗಿ ಕೆಂಡವಾದ ಮೇಲೆ ತೆನೆಗಳನ್ನು ಬಿಸಿ ಬೂದಿಯಲ್ಲಿ ಹೂಳುತ್ತಾರೆ. ಉರಿಯಿರುವಾಗ ಇಟ್ಟರೆ ಕಾಳು ಸೀದುಹೋಗುತ್ತದೆ; ಕೆಂಡ ಆರಿದ ಮೇಲೆ ಇಟ್ಟರೆ ಹಸಿಯಾಗಿಯೇ ಉಳಿಯುತ್ತದೆ. ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ತಿನ್ನುವ ಆ ಕಾಳಿನಲ್ಲಿ ಹೊಗೆಯ ಕಂಪು ಇರದಿದ್ದರೆ ಅದು ಸೀತೆನೆಯೇ ಅಲ್ಲ. ಉರಿಗೂ ಬೂದಿಗೂ ನಡುವೆ ಇರುವ ಆ ಸರಿಯಾದ ಹೊತ್ತಿಗೇ ನಮ್ಮ ಹಿರಿಯರು ಹದವೆಂದು ಹೆಸರಿಟ್ಟರು. ಮಣ್ಣಿಗೆ ಹದವುಂಟು, ಹಿಟ್ಟಿಗೆ ಹದವುಂಟು, ಮಾತಿಗೂ ಹದವುಂಟು. ಹೊಗೆಗೂ ಅದು ಉಂಟೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಒಮ್ಮೆ ನಾವು ಐದನೆಯ ಇಯತ್ತೆಗೆ ಆಹಾರ ಸಂರಕ್ಷಣೆಯ ಪಾಠ ಹೇಳುತ್ತಿದ್ದೆವು. ನಿಮ್ಮ ನಿಮ್ಮ ಮನೆಗಳಲ್ಲಿ ಏನೇನನ್ನು ಕಾದಿಡುತ್ತಾರೆಂದು ಕೇಳಿದಾಗ ಮಕ್ಕಳು ಉಪ್ಪಿನಕಾಯಿ, ಸಂಡಿಗೆ, ಹಪ್ಪಳಗಳನ್ನು ಎಣಿಸಿದರು. ದ್ರಾಕ್ಷಿಯ ತೋಟವಿರುವ ಮನೆಯ ಹುಡುಗಿಯೊಬ್ಬಳು ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವುದನ್ನು ಹೇಳಿದಳು. ಹಾಗೆ ಕೊಟ್ಟರೆ ಕಾಳು ಕಪ್ಪಾಗದೆ ಹೊಂಬಣ್ಣ ಉಳಿಸಿಕೊಳ್ಳುವುದೆಂದು ನಾವು ವಿವರಿಸಿದೆವು. ಹೊಗೆಯ ಮಾತು ಬಂದುದೇ ತಡ, ಮತ್ತೊಬ್ಬ ಹುಡುಗ ಎದ್ದು ನಿಂತ. ಅಣ್ಣನ ಮೊಬೈಲಿನಲ್ಲಿ ಅವನೊಂದು ಚಿತ್ರ ನೋಡಿದ್ದ.

"ಗುರುಗಳೇ, ಪರದೇಶದಾಗ ಒಬ್ಬಾಂವ ಹಂದೀ ತೊಡಿ ಕಬ್ಬಿಣದ ಪೆಟ್ಟಿಗ್ಯಾಗ ಇಟ್ಟು ತಾಸಗಟ್ಟಲೆ ಹೊಗಿ ಕೊಡ್ತಿದ್ದಾರಿ. ಮ್ಯಾಲ ಬೆಲ್ಲದ ಪಾಕ ಹಚ್ಚತಿದ್ದಾ."

ಹಂದಿಯೆಂಬ ಮಾತು ಕೇಳಿದೊಡನೆ ವರ್ಗವೆಲ್ಲ ನಕ್ಕಿತು. ಕೆಲವರು ಮೂಗು ಮುಚ್ಚಿಕೊಂಡರು. ಎರಡನೆಯ ಸಾಲಿನಲ್ಲಿ ಒಬ್ಬನು ಮಾತ್ರ ನಗಲಿಲ್ಲ. ಅವನ ಮನೆಯಲ್ಲಿ ಹಂದಿ ಸಾಕುತ್ತಾರೆ. ಅವನು ಪಾಟಿಯ ಮೇಲೆ ಮೊದಲೇ ಬರೆದಿದ್ದ ಅಕ್ಷರವನ್ನೇ ಮತ್ತೆ ಮತ್ತೆ ತೀಡುತ್ತಿದ್ದ.

ನಗಬೇಡಿರೆಂದು ಗದರಿದರೆ ನಗೆ ನಿಲ್ಲುತ್ತದೆ. ನಗೆಯ ಕಾರಣ ನಿಲ್ಲುವುದಿಲ್ಲ. ಆದುದರಿಂದ ಆ ದಿನ ಸಂಜೆ ಓದಿ ತಿಳಿದುಕೊಂಡು, ಮರುದಿನ ಆ ಹಂದಿಯ ತೊಡೆಯನ್ನೇ ಪಾಠವಾಗಿ ಮಾಡಿಕೊಂಡೆವು.

ಉಪ್ಪಿನಲ್ಲಿ ಪಕ್ವಗೊಳಿಸಿದ ಹಂದಿಯ ಹಿಂದೊಡೆಗೆ ಪಶ್ಚಿಮದವರು ಹ್ಯಾಮ್ ಎನ್ನುತ್ತಾರೆ. ಉಪ್ಪು ಮಾಂಸದೊಳಗಿನ ನೀರನ್ನು ಹೊರಗೆಳೆಯುತ್ತದೆ. ನೀರು ಸಾಲದೆಡೆಯಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಉಪ್ಪಿನೊಡನೆ ಅತ್ಯಲ್ಪ ಪ್ರಮಾಣದಲ್ಲಿ ನೈಟ್ರೈಟ್ ಎಂಬ ಲವಣವನ್ನೂ ಸೇರಿಸುವುದುಂಟು. ಮಾರಕವಾದ ಬಾಟ್ಯುಲಿಸಮ್ ವಿಷವನ್ನು ಹುಟ್ಟಿಸುವ ಜೀವಿಗಳನ್ನು ಅದು ತಡೆಯುತ್ತದೆ. ಹ್ಯಾಮಿನ ಗುಲಾಬಿ ಬಣ್ಣವೂ ಅದರಿಂದಲೇ. ಆಮೇಲೆ ಹೊಗೆಯ ಸರದಿ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಕಾಯ್ದು ಒಡೆದಾಗ ಫಿನಾಲ್ ಜಾತಿಯ ದ್ರವ್ಯಗಳು ಹುಟ್ಟಿ ಹೊಗೆಯೊಡನೆ ಏಳುತ್ತವೆ. ಮಾಂಸದ ಮೇಲೆ ಕುಳಿತು, ಸೂಕ್ಷ್ಮಜೀವಿಗಳನ್ನು ತಡೆದು, ಕೊಬ್ಬು ಕಮಟಾಗದಂತೆ ಕಾಯುವುವು ಅವೇ. ಕಂಪು ಕೊಡುವುವೂ ಅವೇ.

ಹುಡುಗ ನೋಡಿದ ಕಬ್ಬಿಣದ ಪೆಟ್ಟಿಗೆಗೆ ಪೆಲೆಟ್ ಗ್ರಿಲ್ ಎಂದು ಹೆಸರು. ಅಮೇರಿಕದ ಆರೆಗಾನ್ ರಾಜ್ಯದ ಮೌಂಟ್ ಏಂಜಲ್ ಎಂಬ ಊರಿನಲ್ಲಿ ಜೋ ಟ್ರೇಗರ್ ಎಂಬವರು 1985ರಲ್ಲಿ ಇದನ್ನು ಮೊದಲು ನಿರ್ಮಿಸಿದರು. ಕಟ್ಟಿಗೆ ಕೊಯ್ದಾಗ ಉದುರುವ ಹೊಟ್ಟನ್ನು ಬಲವಾಗಿ ಒತ್ತಿ, ಹೆಚ್ಚುಕಡಿಮೆ ಪೆನ್ಸಿಲಿನ ದಪ್ಪದ ಗುಳಿಗೆಗಳನ್ನು ಮಾಡುತ್ತಾರೆ. ಒತ್ತಡದ ಬಿಸಿಗೆ ಮೆತ್ತಗಾದ ಲಿಗ್ನಿನ್ನೇ ಆರಿದ ಮೇಲೆ ಹೊಟ್ಟನ್ನು ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯ ಪಕ್ಕದ ತೊಟ್ಟಿಯಲ್ಲಿ ಗುಳಿಗೆ ತುಂಬಿದರೆ, ವಿದ್ಯುತ್ತಿನಿಂದ ತಿರುಗುವ ತಿರುಪಿನಂಥ ಸರಳು ಅವನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಯ ಬಟ್ಟಲಿಗೆ ನೂಕುತ್ತದೆ. ಚಿಕ್ಕ ಪಂಖವೊಂದು ಗಾಳಿ ಊದುತ್ತದೆ. ಶಾಖ ಇಳಿದರೆ ಯಂತ್ರ ಗುಳಿಗೆಯನ್ನು ಹೆಚ್ಚಿಸುತ್ತದೆ, ಏರಿದರೆ ಕಡಿಮೆ ಮಾಡುತ್ತದೆ. ಹೀಗೆ ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೊಡೆಯು ತಾಸುಗಟ್ಟಲೆ ಹೊಗೆಯುಣ್ಣುತ್ತದೆ. ಮೊದಲೇ ಬೆಂದ ಹ್ಯಾಮಾದರೆ ಅದರ ಒಳಗಿನ ಬಿಸಿ 60 ಡಿಗ್ರಿಗೆ ಬಂದರೆ ಸಾಕು. ಬೇಯದ ಹಸಿಯ ತೊಡೆಯಾದರೆ 63 ಡಿಗ್ರಿ ಮುಟ್ಟಿ, ಮೂರು ನಿಮಿಷವಾದರೂ ಹಾಗೆಯೇ ಇರಬೇಕು.

ಇನ್ನು ಪಾಕದ ವಿಚಾರ. ಬೆಲ್ಲದಂಥ ಕಂದು ಸಕ್ಕರೆ ಅಥವಾ ಜೇನಿಗೆ ಸಾಸಿವೆ ಬೆರೆಸಿ, ಹಣ್ಣಿನ ರಸ ಕೂಡಿಸಿ ಕಾಯಿಸಿದ ಪಾಕವನ್ನು ತೊಡೆಗೆ ಬಳಿಯುತ್ತಾರೆ. ಆದರೆ ಮೊದಲೇ ಬಳಿಯುವುದಿಲ್ಲ. ಕೊನೆಯ ಅರ್ಧ ತಾಸಿನಲ್ಲಿ ಬಳಿಯುತ್ತಾರೆ. ಬೇಗ ಬಳಿದ ಸಿಹಿ ಸೀದು ಕಹಿಯಾಗುತ್ತದೆ. ಹೊತ್ತರಿತು ಬಳಿದುದು ಕನ್ನಡಿಯಂತೆ ಹೊಳೆಯುತ್ತದೆ. "ನಮ್ಮ ಸೀತೆನಿಗತೇ ಆತಲ್ರಿ!" ಎಂದು ಮುಂದಿನ ಸಾಲಿನಿಂದ ಒಂದು ದನಿ ಬಂದಿತು. ಅಹುದು, ಹದದ ಮಾತು ಎರಡಕ್ಕೂ ಒಂದೇ.

ಇಷ್ಟು ಹೇಳಿದ ಮೇಲೆ ಪರದೇಶವನ್ನು ಬಿಟ್ಟು ನಮ್ಮ ನಾಡಿಗೆ ಬಂದೆವು. ಮಳೆ ಹೆಚ್ಚಾದ ಕೊಡಗಿನಲ್ಲಿ ಮಾಂಸವನ್ನು ಬಿಸಿಲಿಗೆ ಒಣಗಿಸಿಕೊಳ್ಳುವುದು ಸುಲಭವಲ್ಲ. ಅಲ್ಲಿಯ ಮನೆಗಳಲ್ಲಿ ಹಂದಿಯ ಮಾಂಸವನ್ನು ಒಲೆಯ ಮೇಲೆ ತೂಗಹಾಕಿ, ದಿನದಿನದ ಅಡುಗೆಯ ಹೊಗೆಯಲ್ಲಿಯೇ ಒಣಗಿಸಿ ಇಡುವ ವಾಡಿಕೆ ಬೆಳೆದುಬಂದಿತು. ಆಯುಧಗಳನ್ನು ಪೂಜಿಸುವ ಕೈಲ್‌ಪೋಳ್ದ್ ಹಬ್ಬದಲ್ಲಿ ಕೊಡವರ ಮನೆಗಳಲ್ಲಿ ಹಂದಿಯ ಸಾರು ಗೌರವದ ಅಡುಗೆ. ಅದಕ್ಕೆ ಹುಳಿ ಕೊಡುವ ಕಾಚಂಪುಳಿಯೂ ಒಂದು ಬಗೆಯ ಪಾಕವೇ. ಕಾಡಿನ ಹುಳಿಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿ ಗಟ್ಟಿಗೊಳಿಸಿದುದು.

ಅಲ್ಲಿಂದ ಇನ್ನೂ ಹಿಂದಕ್ಕೆ ಹೋದೆವು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಆಳಿದವನು. ಆರನೆಯ ವಿಕ್ರಮಾದಿತ್ಯನ ಮಗ. ನಾವಿರುವ ಈ ನೆಲವೂ ಆ ರಾಜ್ಯದೊಳಗೆ ಇದ್ದಿತು. ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳಿವೆ. ಊಟದ ಭೋಗವನ್ನು ಹೇಳುವ ಭಾಗದಲ್ಲಿ ಅನ್ನ, ಬೇಳೆ, ಕಡುಬು, ಹಾಲು, ಮೊಸರುಗಳ ಜೊತೆಯಲ್ಲಿಯೇ ಹಂದಿಯ ಅಡುಗೆಯೂ ಬರುತ್ತದೆ. ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ತೆಗೆಯುವ ಬಗೆ, ಹುಲ್ಲಿನ ಬೆಂಕಿಯಲ್ಲಿ ಸುಡುವ ಬಗೆ, ಕೆಂಡದ ಮೇಲೆ ಬೇಯಿಸುವ ಬಗೆ, ಇವನ್ನೆಲ್ಲ ದೊರೆಯು ಸಂಕೋಚವಿಲ್ಲದೆ ವಿವರಿಸಿದ್ದಾನೆ. ಅರಮನೆಯ ಗ್ರಂಥದಲ್ಲಿ ಸ್ಥಾನ ಪಡೆದ ಅಡುಗೆಗೆ ಐದನೆಯ ಇಯತ್ತೆಯ ವರ್ಗದಲ್ಲಿ ಸ್ಥಾನವಿಲ್ಲವೆ ಎಂದು ನಾವು ಕೇಳಿದೆವು. ಯಾರೂ ನಗಲಿಲ್ಲ.

ಆಗ ಎರಡನೆಯ ಸಾಲಿನ ಹುಡುಗ ಕೈಯೆತ್ತಿದ. ಅವನು ತಾನಾಗಿ ಕೈಯೆತ್ತಿದುದನ್ನು ನಾವು ಅಂದಿನವರೆಗೆ ಕಂಡಿರಲಿಲ್ಲ.

"ನಮ್ಮ ಆಯಿನೂ ಉಪ್ಪು ಅರಿಷಿಣ ಹಚ್ಚಿ ಒಲೀ ಮ್ಯಾಲ ತೂಗ ಹಾಕ್ತಾಳ್ರಿ. ಹಸೀ ಕಟಿಗಿ ಹಚ್ಚಬಾರದ್ರಿ, ಕಹಿ ಆಗತದ. ಒಣಾ ಜಾಲಿ ಕಟಿಗೀನ ಬೇಕರಿ."

ನಾವು ಆ ಮಾತನ್ನು ಹಾಗೆಯೇ ಫಲಕದ ಮೇಲೆ ಬರೆದೆವು. ಹಸಿಯ ಕಟ್ಟಿಗೆಯಲ್ಲಿ ಬೆಂಕಿಯ ಬಲವೆಲ್ಲ ನೀರನ್ನು ಆರಿಸುವುದಕ್ಕೇ ಹೋಗುತ್ತದೆ. ಉರಿ ಪೂರ್ಣವಾಗದೆ ಡಾಂಬರಿನಂಥ ದಟ್ಟ ಹೊಗೆಯೆದ್ದು ಕಹಿಯನ್ನು ಅಂಟಿಸುತ್ತದೆ. ಒಣಗಿದ ಗುಳಿಗೆ, ಅಳತೆಯ ಗಾಳಿ, ವಿದ್ಯುತ್ತಿನ ಪಂಖಗಳಿಂದ ಆರೆಗಾನಿನ ಯಂತ್ರ ಸಾಧಿಸುವುದು ಇದನ್ನೇ. ಶಾಲೆಯನ್ನು ಕಾಣದ ಒಬ್ಬ ಮುದುಕಿ ಅದನ್ನು ಕಣ್ಣಳತೆಯಿಂದ ಸಾಧಿಸಿದ್ದಾಳೆ.

ಆದರೆ ಹುಡುಗನ ಮಾತು ಅಲ್ಲಿಗೆ ಮುಗಿಯಲಿಲ್ಲ. "ಖರೇ, ಆಕೀ ಕಣ್ಣು ಯಾವಾಗಲೂ ಕೆಂಪ ಇರ್ತಾವ್ರಿ, ಕೆಮ್ಮತಾಳ್ರಿ" ಎಂದ. ಇಲ್ಲಿ ಹೊಗೆಯ ಇನ್ನೊಂದು ಮುಖವನ್ನು ಹೇಳದೆ ಪಾಠ ಪೂರ್ಣವಾಗುತ್ತಿರಲಿಲ್ಲ. ಪೆಲೆಟ್ ಗ್ರಿಲ್ಲಿನ ಒಡೆಯ ಅಂಗಳದಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕಿ ದೂರ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾನೆ. ಹೊಗೆಯು ಅವನ ರುಚಿಗಾಗಿ ದುಡಿಯುತ್ತದೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕುಳಿತ ತಾಯಿಗೆ ಆ ದೂರ ಸಿಕ್ಕುವುದಿಲ್ಲ. ಮಾಂಸವನ್ನು ಕಾಯುವ ಹೊಗೆಯೇ ಅವಳ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಘಟಕವು ಕಡಿಮೆ ಕಟ್ಟಿಗೆ ಬೇಡುವ, ಹೊಗೆಯನ್ನು ಕೊಳವೆಯಿಂದ ಹೊರಗೊಯ್ಯುವ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಬಡ ಮನೆಗಳ ಹೆಣ್ಣುಮಕ್ಕಳಿಗೆ ಅಡುಗೆ ಅನಿಲದ ಜೋಡಣೆ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಆರಂಭವಾಯಿತು. ತಿನ್ನುವವರಿಗೂ ಎಚ್ಚರಿಕೆ ಬೇಕು: ಉಪ್ಪು, ಹೊಗೆಗಳಿಂದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಪದಾರ್ಥಗಳ ಸಾಲಿಗೆ ಸೇರಿಸಿತು. ಹಬ್ಬಕ್ಕೊಮ್ಮೆ ತಿನ್ನುವುದು ಬೇರೆ, ನಿತ್ಯ ತಿನ್ನುವುದು ಬೇರೆ. ಇಲ್ಲಿಯೂ ಹದವೇ ಮುಖ್ಯ.

ಯಾರು ಏನನ್ನು ತಿನ್ನಬೇಕೆಂದು ಹೇಳುವುದು ಶಿಕ್ಷಕರ ಕೆಲಸವಲ್ಲ. ತಿನ್ನದವರು ತಿನ್ನದಿರಲಿ, ಅದೂ ಅವರವರ ಮನೆಯ ನಡತೆ. ಆದರೆ ಬರಗಾಲವನ್ನು ಬಲ್ಲ ನಮ್ಮ ಜತ್ತ ತಾಲೂಕಿನಲ್ಲಿ ಇದ್ದುದನ್ನು ಕಾದಿಟ್ಟು ಬದುಕುವ ವಿದ್ಯೆ ಪ್ರತಿಯೊಂದು ಮನೆಯಲ್ಲಿಯೂ ಇದೆ. ಕೆಲವು ಮನೆಗಳ ವಿದ್ಯೆಯನ್ನು ಪಾಠವೆಂದೂ ಇನ್ನು ಕೆಲವು ಮನೆಗಳದನ್ನು ನಗೆಯ ವಸ್ತುವೆಂದೂ ಶಾಲೆ ಬಗೆದರೆ, ಎರಡನೆಯ ಸಾಲಿನಲ್ಲಿ ಕುಳಿತ ಮಗು ತನ್ನ ಅಜ್ಜಿಯನ್ನು ಬಚ್ಚಿಡುವುದನ್ನು ಕಲಿಯುತ್ತದೆ. ನಾವು ಕಲಿಸದೆ ಇದ್ದರೂ ಅದು ಕಲಿಯುವ ಪಾಠ ಅದು.

ಸಹೋದ್ಯೋಗಿ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಆಹಾರ ಸಂರಕ್ಷಣೆಯ ಪಾಠ ಬಂದಾಗ ಪುಸ್ತಕದ ಪಟ್ಟಿಯನ್ನು ಓದಿಸುವುದಕ್ಕೆ ಮೊದಲು ಮಕ್ಕಳ ಮನೆಗಳ ಪಟ್ಟಿಯನ್ನು ಕೇಳಿರಿ. ಒಲೆಯ ಮೇಲೆ ಏನು ತೂಗುತ್ತದೆ, ಮಾಳಿಗೆಯ ಮೇಲೆ ಏನು ಒಣಗುತ್ತದೆ, ಗಡಿಗೆಯಲ್ಲಿ ಏನು ಉಪ್ಪುಂಡಿದೆ ಎಂದು ವಿಚಾರಿಸಿರಿ. ಹೇಳಿದುದೆಲ್ಲವನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಫಲಕದ ಮೇಲೆ ಬರೆಯಿರಿ. ಆ ದಿನ ನಮ್ಮ ಫಲಕದಲ್ಲಿ ಒಣದ್ರಾಕ್ಷಿಯ ಕೆಳಗೆ, ಸಂಡಿಗೆಯ ಪಕ್ಕದಲ್ಲಿ, ಒಣ ಜಾಲಿ ಕಟ್ಟಿಗೆಯ ಹೊಗೆಯೂ ಇದ್ದಿತು. ಮಕ್ಕಳೆಲ್ಲರೂ ಅದನ್ನು ತಮ್ಮ ತಮ್ಮ ವಹಿಗಳಲ್ಲಿ ಬರೆದುಕೊಂಡರು.