ಟ್ರೇನಿಂಗಿನ ವರ್ಷವೂ ಮನೆಯವರ ಸೂಟಿಯೂ

ಪ್ರತಿವರ್ಷ ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ಬಳಿಕ, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮೂರು ನಾಲ್ಕು ಮಂದಿಯಾದರೂ ತಾವೂ ಶಿಕ್ಷಕಿಯರಾಗಬೇಕೆಂಬ ಆಸೆಯಿಂದ ಬಿ.ಎಡ್. ಅರ್ಜಿಯನ್ನು ಹಿಡಿದುಕೊಂಡು ಶಾಲೆಯ ಆಫೀಸಿಗೆ ಬರುವದುಂಟು. ಕೆಲವರ ಸಂಗಡ ತಾಯಿ ಬರುವರು. ಕೆಲವರ ಸಂಗಡ ಗಂಡನೂ ಕೈಗೂಸೂ ಬರುವದುಂಟು. ಗುಣನಡತೆಯ ಪತ್ರಕ್ಕೆ ರುಜು ಹಾಕಿಸಿಕೊಂಡ ಮೇಲೆಯೂ ಹೋಗದೆ ತುಸು ಹೊತ್ತು ನಿಂತು, "ಅಕ್ಕೋರ, ಟ್ರೇನಿಂಗ್ ಮುಗಿಯೂತನಕ ಎಲ್ಲೀಗೂ ಹೋಗಾಕ ಬರೂದಿಲ್ಲೇನ್ರಿ?" ಎಂದು ಕೇಳುತ್ತಾರೆ. ತಂಗಿಯ ಮದುವೆ, ತವರಿನ ದಾರಿ, ಮುದುಕರಾದ ಹಿರಿಯರನ್ನು ಎಲ್ಲಿಗಾದರೂ ಕರೆದೊಯ್ಯುವೆನೆಂದು ಕೊಟ್ಟ ಮಾತು, ಇವೆಲ್ಲವೂ ಆ ಒಂದು ಪ್ರಶ್ನೆಯೊಳಗೆ ಅಡಗಿರುತ್ತವೆ. ತಂದೆತಾಯಿಗಳು ಮಾತ್ರ ಸಾಮಾನ್ಯವಾಗಿ, "ಈ ವರ್ಷ ಸೂಟಿಗೀಟಿ ಏನೂ ಬ್ಯಾಡ, ಓದಿ ಮುಗಸಲಿ" ಎಂದು ಮನೆಯಲ್ಲಿಯೇ ತೀರ್ಪು ಕೊಟ್ಟು ಬಂದಿರುತ್ತಾರೆ. ಆ ತೀರ್ಪಿಗೆ ನನ್ನ ಒಪ್ಪಿಗೆಯಿಲ್ಲ. ಯಾಕಂದರೆ, ಅದೇ ತೀರ್ಪನ್ನು ನಮ್ಮ ಮನೆಯಲ್ಲಿಯೂ ಒಮ್ಮೆ ಕೊಡಲು ನೋಡಿದ್ದರು. ಆ ಸಂಗತಿಯನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುವೆನು.

ನಾನು ಟ್ರೇನಿಂಗಿಗೆ ಹೋದದ್ದು 2004ರಲ್ಲಿ. ಆಗ ಬಿ.ಎಡ್. ಒಂದೇ ವರ್ಷದ ಅಭ್ಯಾಸಕ್ರಮವಾಗಿತ್ತು. ನಮ್ಮ ಮನೆ ಗದಗು-ಬೆಟಗೇರಿಯಲ್ಲಿ, ಕಾಲೇಜು ಧಾರವಾಡದಲ್ಲಿ. ಹುಬ್ಬಳ್ಳಿಯ ಮೇಲೆ ಹಾಯ್ದುಹೋಗುವ ಸುಮಾರು 80 ಕಿಲೋಮೀಟರಿನ ದಾರಿಯನ್ನು ದಿನಂಪ್ರತಿ ಹೋಗಿಬಂದು ಓದುವದು ಆಗದ ಮಾತು. ಆದುದರಿಂದ ವಸತಿಗೃಹದಲ್ಲಿ ಇದ್ದು, ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಿದ್ದೆನು. ಮಗಳಿಗೆ ಆಗತಾನೆ ಮೂರು ವರ್ಷ ತುಂಬಿದ್ದವು. ಅವಳನ್ನು ನೋಡಿಕೊಂಡವರು ನಮ್ಮ ಅತ್ತೆಯವರು. ದಸರೆಯ ಹೊತ್ತಿಗೆ ಕೂಸು ಅಜ್ಜಿಯನ್ನು "ಅವ್ವಾ" ಎಂದು ಕರೆಯತೊಡಗಿ, ನನಗೆ "ಧಾರವಾಡದ ಅವ್ವ" ಎಂದು ಹೆಸರಿಟ್ಟಿತು. ಕೇಳಿದವರೆಲ್ಲ ನಕ್ಕರು, ನಾನೂ ನಕ್ಕೆನು. ಸೋಮವಾರದ ಬಸ್ಸಿನಲ್ಲಿ ಮಾತ್ರ ಅದು ನಗುವಂಥ ಮಾತಾಗಿ ಕಾಣಲಿಲ್ಲ.

ಅತ್ತೆಯವರದು ಬೇರೊಂದು ಲೆಕ್ಕ. ಆ ವರ್ಷದ ಮಳೆಗಾಲದಲ್ಲಿ ಅವರು ಬಾಗಿಲ ಚೌಕಟ್ಟಿಗೆ ಮೇಲಿಂದಮೇಲೆ ಹೆಗಲು ತಗಲಿಸಿಕೊಳ್ಳಹತ್ತಿದರು. ಹುಬ್ಬಳ್ಳಿಯ ಕಣ್ಣಿನ ವೈದ್ಯರು ಪರೀಕ್ಷಿಸಿ, ಇದು ಪೊರೆಯಲ್ಲ, ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡದಿಂದ ನರವು ಸವೆಯುತ್ತ ಹೋಗಿ, ಮೊದಲು ಅಂಚಿನ ನೋಟ ಹೋಗುವದು. ಹೋದದ್ದು ತಿರುಗಿ ಬರಲಾರದು. ಹನಿಮದ್ದು ಹಾಕಿದರೆ ಉಳಿದದ್ದು ಕೆಲವು ಕಾಲ ಉಳಿಯಬಹುದು, ಎಂಬುದಾಗಿ ಅವರು ಮರೆಮಾಚದೆ ತಿಳಿಸಿದರು. ಅತ್ತೆಯವರು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ ಅಲ್ಲಿಯೇ ಬಾಳಿದವರು. ನಮ್ಮ ಮಾವನವರಾದರೋ ಹರೆಯದಲ್ಲಿ ಕೆಲವು ವರ್ಷ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರಾಗಿ, ಹೆಂಡತಿಗೆ ಸಮುದ್ರದ ಸುದ್ದಿಯನ್ನು ಬೇಕಾದಷ್ಟು ಹೇಳಿದ್ದರು, ತೋರಿಸುವೆನೆಂದೂ ಹೇಳಿದ್ದರು. ತೋರಿಸುವದರೊಳಗೆ ತೀರಿಕೊಂಡರು. ವೈದ್ಯರಲ್ಲಿಗೆ ಹೋಗಿಬಂದ ದಿವಸ ರಾತ್ರಿ ನಮ್ಮ ಯಜಮಾನರು, "ಅವ್ವನಿಗೆ ಸಮುದ್ರ ತೋರಿಸಬೇಕು" ಎಂದರು. ಮುಂದಿನ ವರ್ಷ ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ.

ಹಾಗಾದರೆ ಯಾವಾಗ? ಟ್ರೇನಿಂಗಿನ ವರ್ಷವನ್ನು ಹೊರಗಿನಿಂದ ನೋಡಿದವರಿಗೆ ಅದು ಕಾಲೇಜಿನ ಇನ್ನೊಂದು ವರ್ಷದಂತೆಯೇ ತೋರುವದು. ಒಳಗಿದ್ದವರಿಗೆ ಗೊತ್ತು, ಅದರಲ್ಲಿ ಕೆಲವು ವಾರಗಳು ಹಿಗ್ಗುತ್ತವೆ, ಕೆಲವು ವಾರಗಳು ಒಂದು ದಿನವನ್ನೂ ಬಿಟ್ಟುಕೊಡುವದಿಲ್ಲ. ಮೊದಲು ಸೂಕ್ಷ್ಮ ಬೋಧನೆ ಬರುತ್ತದೆ. ಸಂಗಡಿಗರನ್ನೇ ಮಕ್ಕಳೆಂದು ಕೂಡ್ರಿಸಿಕೊಂಡು ಪ್ರಶ್ನೆ ಕೇಳುವ ಅಥವಾ ಕಪ್ಪುಹಲಗೆಯ ಮೇಲೆ ಬರೆಯುವ ಒಂದೊಂದೇ ಕೌಶಲ್ಯವನ್ನು 6 ಮಿನಿಟು ತೋರಿಸುವದು. 6 ಮಿನಿಟು ಟೀಕೆ ಕೇಳುವದು. 12 ಮಿನಿಟಿನಲ್ಲಿ ಪಾಠವನ್ನು ತಿದ್ದಿ ಬರೆಯುವದು. ಮತ್ತೆ 6 ಮಿನಿಟು ಕಲಿಸಿ 6 ಮಿನಿಟು ಕೇಳುವದು. ಹೀಗೆ 36 ಮಿನಿಟಿನ ಸುತ್ತು. ಅಮೇರಿಕೆಯ ಸ್ಟ್ಯಾನ್‌ಫೋರ್ಡ್ ವಿದ್ಯಾಪೀಠದಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ಪದ್ಧತಿಯು ನಮ್ಮ ದೇಶಕ್ಕೆ ಹೊಂದುವಂತೆ ಈ ರೂಪ ತಾಳಿದ್ದು. ಒಬ್ಬಳು ತಪ್ಪಿಸಿಕೊಂಡರೆ ಗುಂಪಿನ ಸುತ್ತೇ ನಿಲ್ಲುವದರಿಂದ ಆ ವಾರಗಳಲ್ಲಿ ರಜೆ ಬೇಡುವವಳು ಹತ್ತು ಮಂದಿಯ ಮುನಿಸನ್ನು ಕಟ್ಟಿಕೊಳ್ಳಬೇಕು. ಆಮೇಲೆ ಪೌರತ್ವ ತರಬೇತಿ ಶಿಬಿರ. ಅನಂತರ ನಿಜವಾದ ಶಾಲೆಗಳಲ್ಲಿ ಅಭ್ಯಾಸ ಪಾಠಗಳು. ನಮಗೆ ಎರಡು ವಿಷಯಗಳಲ್ಲಿ ತಲಾ 20ರಂತೆ 40 ಪಾಠಗಳು ನೇಮಕವಾಗಿದ್ದವು. ನನ್ನ ವಿಷಯಗಳು ಕನ್ನಡ ಮತ್ತು ಸಮಾಜ ವಿಜ್ಞಾನ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಸಿದ್ಧತೆ ಬಿರುಸಾದ ಮೇಲೆ ಯಾವ ಹೈಸ್ಕೂಲೂ ತನ್ನ ವರ್ಗಗಳನ್ನು ಟ್ರೇನಿಂಗಿನವರ ಕೈಗೆ ಕೊಡಲು ಮನಸ್ಸುಮಾಡುವದಿಲ್ಲ. ಆದುದರಿಂದ ಜನವರಿಯೊಳಗೆ 40 ಪಾಠಗಳು ಮುಗಿಯಲೇಬೇಕಾಗಿದ್ದವು.

ದಸರೆಯ ಸೂಟಿಯಲ್ಲಿ ಹೋಗೋಣವೆಂದರೆ ಪಾಠಯೋಜನೆಗಳೂ ಚಿತ್ರಪಟಗಳೂ ಆಗಲೇ ತಯಾರಾಗಬೇಕು. ಕ್ರಿಸ್ಮಸ್ಸಿಗೆ ನಮ್ಮ ಮನೆಯಿಂದ ಯಾರೂ ಹೊರಗೆ ಹೋಗುವ ವಾಡಿಕೆಯಿಲ್ಲ; ಹೊರಗಿದ್ದವರೇ ಒಳಗೆ ಬರುವರು. ಪರೀಕ್ಷೆ ಮುಗಿಸಿ ಹೋಗೋಣವೆಂದರೆ ಅಷ್ಟರಲ್ಲಿ ಕರಾವಳಿಗೆ ಮಳೆ ಬಂದುಬಿಡುವದು. ಆಷಾಢದ ಸಮುದ್ರವನ್ನು ಮುದುಕಿಗೂ ಕೂಸಿಗೂ ತೋರಿಸುವದಕ್ಕಿಂತ ತೋರಿಸದಿರುವದೇ ಮೇಲು. ಉಳಿದದ್ದು ಒಂದೇ ಸಂದು: ಅಭ್ಯಾಸ ಪಾಠಗಳು ಮುಗಿದು, ಅವುಗಳ ರೆಕಾರ್ಡ್ ಬುಕ್ಕುಗಳನ್ನು ಬರೆದು ಒಪ್ಪಿಸುವದಕ್ಕೆಂದು ಕೊಡುವ ವಾರ. 2005ರ ಜನವರಿ 26 ಬುಧವಾರ ಬಂದಿತ್ತು. ಅಂದು ಧ್ವಜವಂದನೆಯಾದ ಮೇಲೆ ಹೊರಟರೆ ಗುರುವಾರ, ಶುಕ್ರವಾರ ಮತ್ತು ಶನಿವಾರದ ಅರ್ಧ ದಿನ, ಒಟ್ಟು ಎರಡೂವರೆ ದಿನದ ರಜೆ ಸಿಕ್ಕಿದರೆ ಸಾಕು. ಭಾನುವಾರ ತಿರುಗಿ ಬರಬಹುದು. ಡಿಸೆಂಬರ ಮೊದಲಲ್ಲಿಯೇ ಪ್ರಾಚಾರ್ಯರಿಗೆ ಬರಹದಲ್ಲಿ ಬಿನ್ನವಿಸಿಕೊಂಡೆನು. ಅವರು ಕಾಗದವನ್ನು ಎರಡು ಸಾರೆ ಓದಿ, ರೆಕಾರ್ಡುಗಳನ್ನು 25ನೆಯ ತಾರೀಖಿನ ಒಳಗೆ ಒಪ್ಪಿಸುವದಾದರೆ ಹೋಗಬಹುದೆಂದು ಅಪ್ಪಣೆ ಕೊಟ್ಟರು. ಅಂದಿನಿಂದ ಪಾಠ ಮುಗಿಸಿಬಂದ ರಾತ್ರಿಯೇ ಆ ದಿನದ ರೆಕಾರ್ಡು ಬರೆದು ಮಲಗುವ ಪದ್ಧತಿಯನ್ನಿಟ್ಟೆನು. ಪ್ರವಾಸದ ಕ್ರಮವನ್ನು ನಾನು ಉದ್ದೇಶ, ಸಾಧನಗಳು, ಹಂತಗಳು ಎಂದು ಮನೆ ಹಾಕಿ ಬರೆದ ಹಾಳೆಯನ್ನು ನೋಡಿ ಯಜಮಾನರು, "ಮೌಲ್ಯಮಾಪನ ಯಾರು ಮಾಡುವರು?" ಎಂದು ಚೇಷ್ಟೆ ಮಾಡಿದರು.

ಸ್ಥಳವನ್ನು ಆರಿಸುವದು ಕಷ್ಟವಾಗಲಿಲ್ಲ. ಮಂಗಳೂರು ದೂರ, ಗೋವೆಯ ಗದ್ದಲ ಬೇಡ, ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಯ ಮಾರ್ಗವಾಗಿ ಒಂದೇ ಬಸ್ಸಿನಲ್ಲಿ ಮುಟ್ಟಬಹುದಾದ ಕಾರವಾರವೇ ತಕ್ಕದ್ದೆಂದು ನಿಶ್ಚಯಿಸಿದೆವು.

ಎಲ್ಲವೂ ಗೊತ್ತಾದ ಮೇಲೆ, ಕ್ರಿಸ್ಮಸ್ಸಿನ ಮರುದಿವಸ, 2004ರ ಡಿಸೆಂಬರ 26ರಂದು, ಆ ಮಹಾ ಅನಾಹುತ ನಡೆಯಿತು. ಸುಮಾತ್ರಾ ದ್ವೀಪದ ಬಳಿ ಕಡಲಡಿಯಲ್ಲಿ ಭೂಮಿ ನಡುಗಿ ಎದ್ದ ತೆರೆಗಳು ನಮ್ಮ ದೇಶದಲ್ಲಿಯೇ 10,000ಕ್ಕೆ ಮಿಕ್ಕಿದ ಜನರನ್ನು ಬಲಿಗೊಂಡವು. ನಾಗಪಟ್ಟಣದ ಚಿತ್ರಗಳನ್ನು ಮನೆಮನೆಯ ಟೀವಿಯಲ್ಲಿ ಜನ ನೋಡಿದರು. ನಮ್ಮ ಸಭೆಯಲ್ಲಿಯೂ ನಿರಾಶ್ರಿತರಿಗಾಗಿ ಅರಿವೆ ಅಂಚಡಿಗಳನ್ನು ಕೂಡಿಸಿದೆವು. ಜನವರಿಯಲ್ಲಿ ಅಭ್ಯಾಸ ಪಾಠಕ್ಕೆ ಹೋದಾಗ ಎಂಟನೆಯ ವರ್ಗದ ಹುಡುಗಿಯರು ಬೇರೆ ಏನನ್ನೂ ಕೇಳಲೊಲ್ಲರು. ಆದುದರಿಂದ ಮೇಲ್ವಿಚಾರಕರ ಒಪ್ಪಿಗೆ ಪಡೆದು ನೇಮಕವಾದ ಪಾಠವನ್ನು ಬದಿಗಿಟ್ಟು ಸುನಾಮಿಯ ಪಾಠವನ್ನೇ ಮಾಡಿದೆನು. ಆ ಶಬ್ದವು ಜಪಾನೀ ಭಾಷೆಯದು; ಬಂದರದ ತೆರೆಯೆಂದು ಅದರ ಅರ್ಥ. ಹಲಗೆಯ ಮೇಲೆ ನಕಾಶೆ ಬರೆದು, ಪೂರ್ವಕ್ಕೆ ಏಟು ಬಿದ್ದಾಗ ನಮ್ಮ ಪಶ್ಚಿಮದ ಕರಾವಳಿಯು ಭೂಭಾಗದ ಮರೆಯಲ್ಲಿ ಇದ್ದುದನ್ನು ತೋರಿಸಿದೆನು. ಆದರೂ ತೆರೆಗಳು ಕನ್ಯಾಕುಮಾರಿಯನ್ನು ಬಳಸಿಕೊಂಡು ಬಂದು ಕೇರಳದ ದಕ್ಷಿಣ ತೀರವನ್ನೂ ಹೊಡೆದಿದ್ದವು. ಅದನ್ನೂ ಮುಚ್ಚಿಡದೆ ತೋರಿಸಿದೆನು. ಆಗ ನಮ್ಮ ದೇಶದಲ್ಲಿ ಮುನ್ನೆಚ್ಚರಿಕೆ ಕೊಡುವ ಏರ್ಪಾಡೇ ಇರಲಿಲ್ಲ. ಹೈದರಾಬಾದಿನಲ್ಲಿ ಆ ಕೇಂದ್ರವು ಕೆಲಸ ಆರಂಭಿಸಿದ್ದು 2007ರಲ್ಲಿ.

ಅದೇ ನಕಾಶೆಯನ್ನು ಶನಿವಾರ ಮನೆಯಲ್ಲಿ ನಾದಿನಿಗೂ ಬರೆದು ತೋರಿಸಬೇಕಾಯಿತು. ಅವಳು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ವೈನಿ, ಊರ ಮಂದಿ ಸಮುದ್ರ ಅಂದ್ರ ಹೆದರಾಕ ಹತ್ಯಾರ. ನೀವು ಮುದುಕೀನ್ನ, ಕೂಸಿನ್ನ ಕರಕೊಂಡು ಅಲ್ಲೇ ಹೊಂಟೀರಿ!" ಎಂದಳು. ಅವಳ ಮಾತನ್ನು ಅಲ್ಲಗಳೆಯುವದು ಸುಲಭವಾಗಿರಲಿಲ್ಲ. ಆ ತಿಂಗಳಲ್ಲಿ ಸಮುದ್ರಕ್ಕೆ ಹೆದರದವರು ಯಾರಿದ್ದರು? ಯಜಮಾನರೂ ಸುಮ್ಮನಾದರು. ಆಗ ಒಳಗೆ ಹಕ್ಕಿ ಆರಿಸುತ್ತ ಕುಳಿತಿದ್ದ ಅತ್ತೆಯವರು, ಮೊರವನ್ನು ಕೆಳಗಿಟ್ಟು, "ಹೆದರಿಕಿ ಇದ್ದದ್ದ. ಸಮುದ್ರಾನೂ ಎಲ್ಲೀಗೂ ಹೋಗೂದಿಲ್ಲ. ಖರೇ ನನ್ನ ಕಣ್ಣು ಹೋಗ್ತಾವಲ್ಲ. ನಡ್ರಿ" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ನಾವು ಮಾತ್ರ ತೀರದ ಮಗ್ಗುಲಲ್ಲಿ ಇಳಿದುಕೊಳ್ಳುವ ವಿಚಾರವನ್ನು ಬಿಟ್ಟು, ಪೇಟೆಯೊಳಗಿನ ಮಾಳಿಗೆಯ ಲಾಜಿನಲ್ಲಿ ಕೋಣೆ ಗೊತ್ತುಮಾಡಿದೆವು. ನಾದಿನಿಗೆ ಅಷ್ಟಾದರೂ ಸಮಾಧಾನವಾಗಲೆಂದು.

26ರ ಮಧ್ಯಾಹ್ನ ಧಾರವಾಡದಿಂದ ನಾನು, ಗದಗಿನಿಂದ ಅವರು ಬಂದು ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕೂಡಿದೆವು. ಬುತ್ತಿಯ ಗಂಟಿನಲ್ಲಿ ಕಟಿರೊಟ್ಟಿ, ಶೇಂಗಾಹಿಂಡಿ, ಗುರೆಳ್ಳುಹಿಂಡಿ ಮೂರು ದಿನಕ್ಕಾಗುವಷ್ಟು ಇದ್ದವು. ಕಾರವಾರ ಮುಟ್ಟುವಾಗ ಕತ್ತಲೆಯಾಗಿತ್ತು. ಮರುದಿನ ಮುಂಜಾನೆ ಏಳು ಗಂಟೆಗೆ ಅತ್ತೆಯವರ ಎರಡೂ ರಟ್ಟೆಗಳನ್ನು ಹಿಡಿದು ಉಸುಕಿನ ಮೇಲೆ ನಡೆಸಿಕೊಂಡು ಹೋದೆವು. ಅವರ ನೋಟವು ಆಗಲೇ ಕೊಳವೆಯೊಳಗಿಂದ ನೋಡಿದಂತೆ ನೇರಕ್ಕೆ ಮಾತ್ರ ಉಳಿದಿತ್ತು. ಆದುದರಿಂದ ಅವರು ಕೊರಳನ್ನು ಎಡಗಡೆಯಿಂದ ಬಲಗಡೆಗೆ ಮೆಲ್ಲಗೆ ಹೊರಳಿಸುತ್ತ, ಅರಿವೆಯ ಅಗಲವನ್ನು ಮೊಳಹಾಕುವವರ ಹಾಗೆ, ಸಮುದ್ರವನ್ನು ತುಣುಕುತುಣುಕಾಗಿ ನೋಡಿ ಮುಗಿಸಿದರು. ಬಹಳ ಹೊತ್ತು ಹಿಡಿಯಿತು. ಆಮೇಲೆ, "ಇದರ ಆಚೀ ದಂಡಿ ಎಲ್ಲೈತೋ?" ಎಂದು ಮಗನನ್ನು ಕೇಳಿದರು. "ಆಚೀ ದಂಡಿ ಅರಬಸ್ತಾನ, ಅವ್ವಾ" ಎಂದರು ಅವರು. "ನಿಮ್ಮಪ್ಪ ಸುಳ್ಳು ಹೇಳಿದ್ದಿಲ್ಲ ಬಿಡು" ಎಂದರು ಅತ್ತೆಯವರು.

ಕೂಸು ಮೊದಲ ದಿನ ತೆರೆ ಬಂದಾಗಲೆಲ್ಲ ಅಜ್ಜಿಯ ಸೀರೆಯನ್ನು ಹಿಡಿಯಿತು. ಎರಡನೆಯ ದಿನ ನಾವಿಬ್ಬರೂ ಕೂಡಿ ಉಸುಕಿನಲ್ಲಿ ಶಾಲೆ ಕಟ್ಟಿದೆವು. ಅದಕ್ಕೆ ಬಾಗಿಲು ಬೇಡವೆಂದು ಅವಳು ಹಟಮಾಡಿದಳು. ಮೂರನೆಯ ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿದಳು. ಐದಾರು ತಿಂಗಳ ಅಗಲಿಕೆಯನ್ನು ಮೂರು ದಿನಗಳು ತುಂಬಿದವೆಂದು ನಾನು ಹೇಳುವದಿಲ್ಲ. ಆದರೆ "ಧಾರವಾಡದ ಅವ್ವ" ಎಂಬ ಹೆಸರು ಗದಗಿಗೆ ನಮ್ಮ ಸಂಗಡ ತಿರುಗಿ ಬರಲಿಲ್ಲ. ಇಬ್ಬರು ಅವ್ವಂದಿರೆಂದು ಅವಳೇ ರಾಜಿ ಮಾಡಿಕೊಂಡಳು.

ಸಮಾಜ ವಿಜ್ಞಾನದವಳಾದ ನಾನು ಸುಮ್ಮನಿರಲಾರದೆ, 1883ರಲ್ಲಿ 22 ವರ್ಷದ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದು, ಇದೇ ತೀರದಲ್ಲಿ ಒಂದು ನಾಟಕವನ್ನು ಬರೆದರೆಂದು ವಿವರಿಸಿದೆನು. ಅತ್ತೆಯವರ ಲಕ್ಷ್ಯವೆಲ್ಲ ಮೀನು ಮಾರುವವರ ಬುಟ್ಟಿಯ ಕಡೆಗೆ ಇತ್ತು. ಬಂಗಡೆಯ ಸಾರನ್ನು ಉಂಡ ಮೇಲೆ, ಗದಗಿನ ಸಂತೆಯಲ್ಲಿ ತಾವು ಇಷ್ಟು ವರ್ಷ ಕೊಂಡದ್ದು ಮೀನೇ ಅಲ್ಲವೆಂದು ಅವರ ಅಭಿಪ್ರಾಯವಾಯಿತು. ಶನಿವಾರ ಕಾಳೀನದಿಯ ಸೇತುವೆಯನ್ನು ದಾಟಿ ಸದಾಶಿವಗಡದ ಮಗ್ಗುಲಿಗೆ ಹೋಗಿ, ನದಿಯು ಸಮುದ್ರವನ್ನು ಕೂಡುವದನ್ನು ನೋಡಿದೆವು. ನಾವು ದಾಟಿದ ಆ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ನಡುರಾತ್ರಿ ಕುಸಿದುಬಿದ್ದ ಸುದ್ದಿಯನ್ನು ಓದಿದಾಗ ನಾನು ಆ ಪತ್ರಿಕೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆನು.

ಪರೀಕ್ಷೆಯ ವಿಷಯವಾಗಿ ಹೇಳತಕ್ಕದ್ದೇನೂ ಇಲ್ಲ. ಪ್ರಥಮ ವರ್ಗ ಬಂತು. ರೆಕಾರ್ಡುಗಳು ಮೊದಲೇ ಮುಗಿದುದರಿಂದ ಫೆಬ್ರುವರಿಯಲ್ಲಿ ಉಳಿದವರಿಗಿಂತ ನನಗೇ ಓದಲು ಹೆಚ್ಚು ವೇಳೆ ಸಿಕ್ಕಿತು. ಅತ್ತೆಯವರ ದೃಷ್ಟಿಯು 2009ರ ಹೊತ್ತಿಗೆ ಬೆಳಕು ಕತ್ತಲೆಗಳ ಭೇದಕ್ಕೆ ಇಳಿಯಿತು. ಆಮೇಲೆ ನಾಲ್ಕು ವರ್ಷ ಬದುಕಿದ್ದರು. ನೆರೆಯ ಹೆಂಗಸರು ಬಂದು ಕೂತಾಗ ಸಮುದ್ರದ ವರ್ಣನೆಯನ್ನು ಮಾಡುತ್ತಿದ್ದರು. ವರ್ಷದಿಂದ ವರ್ಷಕ್ಕೆ ಸಮುದ್ರ ದೊಡ್ಡದಾಗುತ್ತ ಹೋಯಿತು, ಬಂಗಡೆಯೂ ದೊಡ್ಡದಾಯಿತು.

ಈಗ ಬಿ.ಎಡ್. ಎರಡು ವರ್ಷದ್ದಾಗಿದೆ; 2015ರಿಂದ ಹೀಗೆ. ಪಿ.ಯು.ಸಿ.ಯಾದ ಕೂಡಲೇ ಸೇರುವ ನಾಲ್ಕು ವರ್ಷದ ಕ್ರಮವೂ ಕೆಲವು ಕಡೆ 2023ರಿಂದ ಬಂದಿದೆ. ಎರಡು ವರ್ಷದ ಕ್ರಮದಲ್ಲಿ ಶಾಲೆಗಳಲ್ಲಿ ಇದ್ದು ಕಲಿಯುವ ಅವಧಿ ಒಟ್ಟು 20 ವಾರಗಳು. ಮೊದಲ ವರ್ಷ 4, ಎರಡನೆಯ ವರ್ಷ 16. ಆ 16 ವಾರಗಳಲ್ಲಿ ಮದುವೆಯ ಅಕ್ಕಿಕಾಳಿಗೂ ಹೋಗುವದು ಕಷ್ಟ. ನಮ್ಮ ಶಾಲೆಗೆ ಅಭ್ಯಾಸಕ್ಕೆ ಬರುವವರಿಗೆ ನಾನೂ ಸುಲಭವಾಗಿ ಬಿಡುಗಡೆ ಕೊಡುವವಳಲ್ಲ. ಆದರೆ ಸೆಮಿಸ್ಟರುಗಳ ನಡುವೆ ನಮ್ಮ ಕಾಲದಲ್ಲಿ ಇಲ್ಲದ ಸಂದುಗಳು ಈಗ ಇವೆ. ತಂದೆತಾಯಿಗಳು ಪ್ರವೇಶದ ವಾರದಲ್ಲಿಯೇ ಕಾಲೇಜಿನ ವೇಳಾಪತ್ರಿಕೆಯನ್ನು ಕೇಳಿ ಪಡೆದು ಮನೆಯ ಗೋಡೆಗೆ ಹಚ್ಚಿದರೆ, ಜಗಳಗಳಲ್ಲಿ ಅರ್ಧದಷ್ಟು ತಪ್ಪುತ್ತವೆ. ಹೋಗುವದೂ ಒಂದೇ ಊರಿಗೆ ಇರಲಿ. ಮೂರು ದಿನದಲ್ಲಿ ಐದು ಊರು ನೋಡಿ ಬಂದವಳು ಸೋಮವಾರ ವರ್ಗದಲ್ಲಿ ಆಕಳಿಸುವದನ್ನು ನಾನು ಕಂಡಿದ್ದೇನೆ.

ಉಸುಕಿನ ಶಾಲೆಗೆ ಬಾಗಿಲು ಬೇಡವೆಂದವಳು ಈಗ ಬಿ.ಎಡ್. ಎರಡನೆಯ ವರ್ಷದಲ್ಲಿದ್ದಾಳೆ. ಅವಳ ತಂದೆಗೆ ಮೊಣಕಾಲು ನೋವು ಆರಂಭವಾಗಿದೆ; ಉಸುಕಿನಲ್ಲಿ ನಡೆಯಲು ಬರುವಾಗಲೇ ದೇವಬಾಗವನ್ನು ನೋಡಬೇಕೆಂದು ಅವರ ಇಚ್ಛೆ. ಅವಳ 16 ವಾರಗಳು ಮುಗಿಯುವ ದಿನಕ್ಕೂ ನಮ್ಮ ಶಾಲೆಯ ಕ್ರಿಸ್ಮಸ್ ಸೂಟಿಗೂ ನಡುವೆ ಎಷ್ಟು ದಿನ ಕೂಡಿಬರುವವೆಂದು ತಂದೆಮಗಳು ಗೋಡೆಯ ಪಂಚಾಂಗದ ಮುಂದೆ ನಿಂತು ಎಣಿಸಿದ್ದಾರೆ. ನಾಲ್ಕು ದಿನ ಸಿಕ್ಕುತ್ತವೆ. ಲಾಜಿನವರಿಗೆ ಫೋನು ಮಾಡಿ ಆಗಿದೆ.