ದೌಂಡದ ದಡ

ದೌಂಡಕ್ಕೂ ಸಮುದ್ರಯಾನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಿದರೆ, ಮೇಲ್ನೋಟಕ್ಕೆ ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ನಮ್ಮೂರಿನ ನೀರೆಲ್ಲ ಭೀಮಾ ನದಿಯದು. ಅದರಲ್ಲಿ ಹಡಗು ಬಂದದ್ದನ್ನು ಕಂಡವರಿಲ್ಲ. ಆದರೂ ನಮಗೊಂದು ದಡವಿದೆ. ಅದು ರೈಲ್ವೆ ಪ್ಲಾಟ್‌ಫಾರಂ. ಮುಂಬಯಿಯಿಂದ ಚೆನ್ನೈಗೆ ಹೋಗುವ ಹಾದಿಯೂ ಮನಮಾಡದ ಹಾದಿಯೂ ಕೂಡುವ ಜಂಕ್ಷನ್ ಇದು. ಮನಮಾಡದ ಹಾದಿ ತೆರೆದದ್ದು ೧೮೭೮ರಲ್ಲಿ. ಅಂದಿನಿಂದ ಇಲ್ಲಿ ಇಳಿದವರಲ್ಲಿ ಬಹಳ ಜನ ಇನ್ನೊಂದು ಗಾಡಿ ಹತ್ತುವುದಕ್ಕಾಗಿಯೇ ಇಳಿದವರು. ಇಳಿದು ಹಾಗೆಯೇ ಉಳಿದುಬಿಟ್ಟ ಕೆಲವರಲ್ಲಿ ನಾವೂ ಸೇರಿದ್ದೇವೆ. ಇಲ್ಲಿ 'ನಾವು' ಎಂದರೆ ಒಂದು ಸರಕಾರಿ ಕಚೇರಿಯ ಕಾರಕೂನ, ಅವನ ಮನೆಯಾಕೆ, ಇಬ್ಬರು ಮಕ್ಕಳು. ಸಂಬಳ ಒಂದೇ ಆದುದರಿಂದ ಅಭಿಪ್ರಾಯವೂ ಒಂದೇ ಎಂದು ತಿಳಿಯತಕ್ಕದ್ದು.

ನಮಗೆ ಹಡಗಿನ ವಿಚಾರ ಹತ್ತಿದ್ದು ಮಂಗಳೂರಿನಲ್ಲಿ. ಅಲ್ಲಿ ನಮ್ಮ ಭಾವಮೈದುನ ಸ್ವಂತ ಬಾಡಿಗೆ ಕಾರು ನಡೆಸುತ್ತಾನೆ. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಮುಗಿದ ಮೇಲೆ ಬೇಸಿಗೆಯವರೆಗೆ ಆಗಾಗ ವಿಹಾರದ ಹಡಗುಗಳು ಬರುತ್ತವೆ. ೨೦೨೦ರಲ್ಲಿ ಕೋವಿಡ್ ಬಂದು ನಿಂತುಹೋದ ಈ ಬರವು ೨೦೨೨ರ ಕೊನೆಗೆ ಮತ್ತೆ ಆರಂಭವಾಯಿತು. ಹಡಗು ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತದೆ. ನಡುವಿನ ಏಳೆಂಟು ಗಂಟೆಗಳಲ್ಲಿ ಇಳಿದ ಪ್ರವಾಸಿಗರು ಒಂದು ನಾಡನ್ನು ನೋಡಿ ಮುಗಿಸಬೇಕು. ಕೇಳಿದರೆ ನಗು ಬರುತ್ತದೆ. ಆದರೆ ನಮ್ಮ ಭಾವಮೈದುನನ ಮನೆಯ ಒಲೆ ಉರಿಯುವುದರಲ್ಲಿ ಈ ಏಳೆಂಟು ಗಂಟೆಗಳ ಪಾಲೂ ಇದೆ.

ಇಳಿದವರಲ್ಲಿ ಎರಡು ಪಂಗಡ. ಹಡಗಿನ ಕಂಪನಿಯವರೇ ಗೊತ್ತುಮಾಡಿದ ದೊಡ್ಡ ಬಸ್ಸಿನಲ್ಲಿ ಹಿಂಡಾಗಿ ಹೋಗುವವರು ಒಂದು. ಮೊದಲೇ ಪತ್ರ ಬರೆದು ತಮ್ಮದೇ ಕಾರು, ತಮ್ಮದೇ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು ನಾಲ್ಕಾರು ಜನ ಖಾಸಗಿಯಾಗಿ ಹೋಗುವವರು ಇನ್ನೊಂದು. ಬಸ್ಸಿನವರಿಗೆ ಒಂದು ಅಭಯವುಂಟು: ಕಂಪನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಖಾಸಗಿಯಾಗಿ ಹೋದವರಿಗಾಗಿ ಕಾಯುವುದಿಲ್ಲ. ತಪ್ಪಿಸಿಕೊಂಡವರು ತಮ್ಮ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಹಡಗನ್ನು ಹಿಡಿಯಬೇಕು. ಆದಕಾರಣ ಖಾಸಗಿ ಮಾರ್ಗದರ್ಶಿಯ ಒಂದು ಕಣ್ಣು ಯಾವಾಗಲೂ ಗಡಿಯಾರದ ಮೇಲೆ.

ಭಾವಮೈದುನ ತನ್ನ ಜನರನ್ನು ಸಾಮಾನ್ಯವಾಗಿ ಕಾರ್ಕಳಕ್ಕೂ ಮೂಡಬಿದಿರೆಗೂ ಕರೆದೊಯ್ಯುತ್ತಾನೆ. ಕಾರ್ಕಳದಲ್ಲಿ ೧೪೩೨ರಲ್ಲಿ ನಿಲ್ಲಿಸಿದ ೪೨ ಅಡಿಯ ಗೊಮ್ಮಟ. ಮೂಡಬಿದಿರೆಯಲ್ಲಿ ೧೪೩೦ರ ಸಾವಿರ ಕಂಬದ ಬಸದಿ. ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದು ಇಲ್ಲವೆಂಬುದು ಪ್ರಸಿದ್ಧ. ಹಿಂದಿರುಗುವಾಗ ಕದ್ರಿಯ ಮಂಜುನಾಥ ದೇವಾಲಯ. ಅಲ್ಲಿಯ ಕಂಚಿನ ಲೋಕೇಶ್ವರನ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ೯೬೮ರ ಶಾಸನವಿದೆ. ಬಿಸಿಲಿಗೆ ಕಾದ ಬಸದಿಯ ಅಂಗಳದಲ್ಲಿ ದೊರೆಗಳಂಥ ಬಿಳಿಯ ಮುದುಕರು ಕಾಲುಚೀಲ ತೊಟ್ಟು ಓಡುವುದನ್ನು ನಮ್ಮ ಮಕ್ಕಳು ಬಹಳ ಭಕ್ತಿಯಿಂದ ನೋಡಿದರು.

"ಮೂರೇ ಮಾತು, ಭಾವ," ಎಂದು ಅವನು ತನ್ನ ವಿದ್ಯೆಯನ್ನು ನಮಗೆ ಧಾರೆಯೆರೆದ. "ಮೊದಲು ದೂರದ್ದನ್ನು ತೋರಿಸಬೇಕು, ಕೊನೆಗೆ ಹತ್ತಿರದ್ದನ್ನು. ಚಕ್ರ ಪಂಕ್ಚರಾದರೂ ಬಂದರು ಹತ್ತಿರ ಇರುತ್ತದೆ. ಎರಡನೆಯದು, ಐದು ಕಡೆ ಓಡಿಸಬಾರದು; ಎರಡು ಕಡೆ ಕೂರಿಸಬೇಕು. ಮೂರನೆಯದು, ಗೊತ್ತಿಲ್ಲದ್ದನ್ನು ಹೇಳಬಾರದು. ಅವರು ಊರಿಗೆ ಹೋಗಿ ಪುಸ್ತಕ ತೆಗೆದು ನೋಡುತ್ತಾರೆ." ಮಾರ್ಗದರ್ಶಿಯ ಕಸುಬಿನ ಮೇಲೆ ದೊಡ್ಡ ಗ್ರಂಥ ಬರೆದರೂ ಇದಕ್ಕಿಂತ ಹೆಚ್ಚು ಹೇಳಬಹುದೆಂದು ನಮಗೆ ತೋರದು.

ಪ್ರಪಂಚದಲ್ಲೆಲ್ಲ ಈ ಕಸುಬು ಹೀಗೆಯೇ ನಡೆಯುತ್ತದೆ. ನೇಪಲ್ಸಿನಲ್ಲಿ ಇಳಿದವರು ಕ್ರಿ. ಶ. ೭೯ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆಯನ್ನು ನೋಡಿ ಸಂಜೆಗೆ ಮರಳುತ್ತಾರೆ. ತುರ್ಕಿಯ ಕುಶಾದಾಸಿಯಲ್ಲಿ ಇಳಿದವರು ಎಫೆಸಸ್ಸಿನ ಹಾಳೂರಿಗೆ ಹೋಗುತ್ತಾರೆ. ಎಫೆಸಸ್ಸಿನದು ಒಂದು ಸೋಜಿಗ. ಅದೇ ಒಂದು ಕಾಲಕ್ಕೆ ದೊಡ್ಡ ಬಂದರಾಗಿತ್ತು. ನದಿ ಹೊತ್ತು ತಂದ ಹೂಳು ತುಂಬಿ ಸಮುದ್ರ ದೂರ ಸರಿಯಿತು. ಊರು ಬಡವಾಗಿ ಬಿಕೋ ಎಂದಿತು. ಈಗ ಹಡಗಿನವರು ಬೇರೆ ಬಂದರಿನಲ್ಲಿ ಇಳಿದು, ಹಳೆಯ ಬಂದರನ್ನು ನೋಡಲು ಕಾರಿನಲ್ಲಿ ಬರುತ್ತಾರೆ.

ಇನ್ನು ನಮ್ಮೂರಿಗೆ ಬರೋಣ. ಕರ್ನಾಟಕದಿಂದ ಶಿರಡಿಗೆ ಹೋಗುವ ನಂಟರಲ್ಲಿ ಅನೇಕರು ದೌಂಡದಲ್ಲಿ ಗಾಡಿ ಬದಲಿಸುತ್ತಾರೆ. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಮುಂಚೆ ಇಲ್ಲಿ ಎಂಜಿನ್ನನ್ನು ಹಿಂದುಮುಂದು ಮಾಡಿಕೊಳ್ಳಲು ಸಾಕಷ್ಟು ಹೊತ್ತು ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಪ್ಲಾಟ್‌ಫಾರಮಿನ ಮೇಲೆ ಬುತ್ತಿ, ಕುಶಲ, ಸಂಬಂಧದ ಮಾತು ಎಲ್ಲವೂ ಮುಗಿಯುತ್ತಿದ್ದವು. ಈಗ ಹೊಸ ಜೋಡುಹಾದಿಯಾಗಿ ಆ ಅವಕಾಶ ತಪ್ಪಿದೆ. ಆದರೆ ಶಿರಡಿಯ ನಂಟರು ಈಗಲೂ ಇಳಿಯುತ್ತಾರೆ. ಐದಾರು ಗಂಟೆ ಕೈಯಲ್ಲಿರುತ್ತದೆ. ಮುಂಚೆ ಆ ಹೊತ್ತನ್ನು ಉಪ್ಪಿಟ್ಟು ತಿನ್ನಿಸಿ, ಮಲಗಿಸಿ ಕಳೆಯುವುದು ನಮ್ಮ ಮನೆಯ ಪದ್ಧತಿ. ಮಂಗಳೂರಿನಿಂದ ಬಂದ ಮೇಲೆ ಪದ್ಧತಿ ಬದಲಾಯಿತು.

ಹೊಸ ಪದ್ಧತಿಯ ಮೊದಲನೆಯ ಪ್ರವಾಸಿಗರು ನಮ್ಮ ಸೋದರಮಾವ. ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ಮಾಸ್ತರರು, ವಯಸ್ಸು ಎಪ್ಪತ್ತನಾಲ್ಕು. ಅವರಿಗೂ ನಮ್ಮ ಮಗಳಿಗೂ ಬಹಳ ಪ್ರೀತಿ, ಆದರೆ ಮಾತು ಕಡಿಮೆ. ಆಕೆ ಮರಾಠಿ ಶಾಲೆಯಲ್ಲಿ ಐದನೆಯ ಇಯತ್ತೆ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವುದು ಆಕೆಯ ಅಭ್ಯಾಸ. ಪ್ರತಿ ಭಾನುವಾರ ಫೋನಿನಲ್ಲಿ ಮಾವ "ಊಟಾ ಆತೇನವಾ?" ಎನ್ನುವರು, ಈಕೆ "ಹೂಂ" ಎನ್ನುವಳು. ಅಜ್ಜ-ಮೊಮ್ಮಗಳ ಸಂಭಾಷಣೆ ಇಷ್ಟಕ್ಕೆ ಮುಗಿಯುತ್ತಿತ್ತು. ಮಾವನವರಿಗೆ ಮತ್ತೊಮ್ಮೆ ಇಷ್ಟು ದೂರ ಬರಲು ಶಕ್ತಿ ಇರುವುದೋ ಇಲ್ಲವೋ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಿಗ್ಗೆ ಇಳಿದವರಿಗೆ ಮಧ್ಯಾಹ್ನದ ನಂತರ ಗಾಡಿ. ಬಾಡಿಗೆಯ ಜೀಪು ಗೊತ್ತುಮಾಡಿ ಪೇಡಗಾಂವಿಗೆ ಹೊರಟೆವು. ಭೀಮೆಯನ್ನು ದಾಟಿದರೆ ಅಹಿಲ್ಯಾನಗರ ಜಿಲ್ಲೆ. ೨೦೨೪ರವರೆಗೆ ಅದು ಅಹಮದನಗರ. ಕಬ್ಬಿನ ಗದ್ದೆಗಳ ನಡುವೆ ಮುಕ್ಕಾಲು ಗಂಟೆ ಹೋದರೆ ನದಿಯ ದಂಡೆಯ ಮೇಲೆ ಹಾಳು ಕೋಟೆ. ಮೊಗಲರ ಸುಭೇದಾರ ಬಹಾದುರ ಖಾನ ೧೬೭೦ರ ದಶಕದಲ್ಲಿ ಇಲ್ಲಿ ಬೀಡುಬಿಟ್ಟು ಬಹಾದುರಗಡವೆಂದು ಹೆಸರಿಟ್ಟ. ಈಚೆಗೆ ಜನ ಧರ್ಮವೀರಗಡವೆನ್ನುತ್ತಾರೆ. ಕೋಟೆಗಿಂತ ಹಳೆಯವು ಅದರೊಳಗಿನ ದೇವಾಲಯಗಳು: ಲಕ್ಷ್ಮೀನಾರಾಯಣ, ಮಲ್ಲಿಕಾರ್ಜುನ, ರಾಮೇಶ್ವರ, ಭೈರವನಾಥ. ಲಕ್ಷ್ಮೀನಾರಾಯಣನ ಗುಡಿಯ ಕಂಬಗಳನ್ನೂ ಹೊರಗೋಡೆಯ ಕೆತ್ತನೆಯನ್ನೂ ಕಂಡು ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ದೂರದ್ದು ಮೊದಲು, ಹತ್ತಿರದ್ದು ಆಮೇಲೆ ಎಂಬ ಸೂತ್ರದಂತೆ ಕೋಟೆಯ ಆಚೆಯ ತುದಿಗೆ ಮೊದಲು ನಡೆದು, ನೆರಳಿದ್ದ ಗುಡಿಯ ಜಗಲಿಗೆ ಬಂದು ಕೂತೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿಟ್ಟಾಯಿತು. ಮಾವನವರು ಕೇಳಿದರು: "ಅಲ್ಲೋ ತಮ್ಮಾ, ಇಲ್ಲೇನು ನಡೀತು?"

ನಾವು ಬಾಯಿ ತೆರೆಯುವಷ್ಟರಲ್ಲಿ ಮಗಳು ಎದ್ದು ನಿಂತಳು. ಶಾಲೆಯಲ್ಲಿ ಓದಿದ್ದು ಆಕೆಯ ನಾಲಿಗೆಯ ತುದಿಯಲ್ಲಿತ್ತು. ಮರಾಠಿಯಲ್ಲಿ ಎರಡು ವಾಕ್ಯ ಹೇಳಿದಳು, ಅಜ್ಜನ ಮುಖ ನೋಡಿದಳು, ನಿಂತಳು. ಮಾವನವರು ಸುಮ್ಮನೆ ಕಾದರು. ಶಾಲೆಯಲ್ಲಿ ಮೂವತ್ತು ವರ್ಷ ಕಾದು ಅಭ್ಯಾಸವಾದವರು.

"ಅಜ್ಜಾ, ಇಲ್ಲಿ ಸಂಭಾಜಿ ಮಹಾರಾಜರನ್ನ… ಪಕಡ ಮಾಡಿ ತಂದ್ರು," ಎಂದಳು.

"ಸೆರೆ ಹಿಡದು," ಎಂದರು ಮಾವನವರು.

"ಸೆರೆ ಹಿಡದು ತಂದ್ರು. ಔರಂಗಜೇಬನ ಮುಂದ ನಿಲ್ಲಿಸಿದ್ರು. ಅವರು ತಲಿ ಬಗ್ಗಿಸಲಿಲ್ಲ."

೧೬೮೯ರ ಫೆಬ್ರವರಿಯ ಸಂಗತಿ. ಸಂಗಮೇಶ್ವರದಲ್ಲಿ ಸಿಕ್ಕಿದ ಸಂಭಾಜಿಯನ್ನೂ ಕವಿ ಕಲಶನನ್ನೂ ಈ ಕೋಟೆಗೆ ತಂದರು; ಮಾರ್ಚಿಯಲ್ಲಿ ಕೊಂದರು. ಅದನ್ನು ಆಕೆ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು. ಅರ್ಧ ಮಾತುಗಳಿಗೆ ಹುಡುಕುವ ಕೆಲಸವೇ ಬೀಳಲಿಲ್ಲ: ದರವಾಜೆ, ಫೌಜು, ಖಜಾನೆ, ಸರದಾರ ಎರಡೂ ಕಡೆ ಒಂದೇ. ಆಮೇಲೆ ಪೇಡಗಾಂವಿನ ಗಾದೆಯನ್ನೂ ಹೇಳಿದಳು. 'ಹುಚ್ಚು ಹೊದ್ದುಕೊಂಡು ಪೇಡಗಾಂವಿಗೆ ಹೋಗುವುದು' ಎಂದು ಮರಾಠಿಯಲ್ಲಿ ಒಂದು ಮಾತಿದೆ. ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸುವವರಿಗೆ ಅನ್ನುವುದು. ೧೬೭೪ರಲ್ಲಿ, ಪಟ್ಟಾಭಿಷೇಕವಾದ ಮರುತಿಂಗಳು, ಶಿವಾಜಿಯ ಸಣ್ಣ ದಂಡೊಂದು ಇಲ್ಲಿಗೆ ಬಂದಂತೆ ಮಾಡಿ ಹಿಮ್ಮೆಟ್ಟಿತು. ಖಾನ ಬೆನ್ನಟ್ಟಿ ಹೋದ. ಅಷ್ಟರಲ್ಲಿ ದೊಡ್ಡ ದಂಡು ಇನ್ನೊಂದು ಕಡೆಯಿಂದ ಬಂದು ಒಂದು ಕೋಟಿ ರೂಪಾಯಿಯನ್ನೂ ಇನ್ನೂರು ಕುದುರೆಗಳನ್ನೂ ಹೊತ್ತೊಯ್ದಿತು. ಮಾವನವರು ರೊಟ್ಟಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಹಂಗಾರ ನೀ ಫೋನಿನ್ಯಾಗ ಬರೇ ಹೂಂ ಅಂತಿದ್ದದ್ದು ಪೇಡಗಾಂವಿಗೆ ಹೋಗಿದ್ದೇನವಾ?" ಎಂದರು. ಮಗಳೂ ನಕ್ಕಳು.

ಸರದಿ ಈಗ ಅಜ್ಜನದು. "ಸಂಭಾಜಿಯ ಅಜ್ಜ ಯಾರು?" ಎಂದು ಕೇಳಿದರು. "ಶಹಾಜಿ ರಾಜೆ" ಎಂದು ಥಟ್ಟನೆ ಉತ್ತರ ಬಂತು. "ಅವರು ಎಲ್ಲಿ ತೀರಿಕೊಂಡರು?" ಅದು ಆಕೆಗೆ ತಿಳಿಯದು. ಪುಣೆ, ಸುಪೆಗಳ ಜಹಗೀರಿಯಿದ್ದ ಶಹಾಜಿ ವಿಜಾಪುರದ ಆದಿಲಶಾಹಿಯ ಸರದಾರನಾಗಿ ದಕ್ಷಿಣಕ್ಕೆ ಹೋದದ್ದು, ೧೬೩೮ರಲ್ಲಿ ಗೆದ್ದ ಬೆಂಗಳೂರು ಆತನಿಗೆ ಜಹಗೀರಿಯಾದದ್ದು, ೧೬೬೪ರಲ್ಲಿ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡದ್ದು, ಸಮಾಧಿ ಇಂದಿಗೂ ಅಲ್ಲಿರುವುದು, ಎಲ್ಲವನ್ನೂ ಮಾವನವರು ಹೇಳಿದರು. ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಅವರ ಬದಲಿ ಕರ್ನಾಟಕಕ್ಕ ಆಗಿತ್ತು, ನಮ್ಮದು ಇಲ್ಲಿಗೆ," ಎಂದಳು. ಕಾರಕೂನನ ಮಗಳಿಗೆ ಇತಿಹಾಸವೂ ವರ್ಗಾವಣೆಯ ಕಾಗದದಂತೆಯೇ ತೋರಿದ್ದು ಸಹಜ. ಆದರೆ ಆಕೆ 'ನಮ್ಮದು' ಎಂದದ್ದನ್ನು ನಾವಿಬ್ಬರೂ ಗಮನಿಸಿದೆವು.

ಇಂಥ ಕಡೆ ಹೊರನಾಡಿನ ಕನ್ನಡಿಗರಿಗೆ ಒಂದು ಆಸೆ ಹುಟ್ಟುತ್ತದೆ. ಗುಡಿಯ ಕಂಬ ನೋಡಿ 'ಇದೆಲ್ಲ ನಮ್ಮವರದೇ' ಎಂದು ಗಟ್ಟಿಯಾಗಿ ಹೇಳುವ ಆಸೆ. ಮಾವನವರಿಗೂ ಆ ಮಾತು ತುಟಿಗೆ ಬಂದಿತ್ತು. ಅದರಲ್ಲಿ ಹುರುಳೂ ಇಲ್ಲದಿಲ್ಲ: ಯಾದವರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದವರು, ಅವರ ಶಾಸನಗಳಲ್ಲಿ ಕನ್ನಡದವು ಬಹಳ. ಆದರೆ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ ಊರಿನ ಮುದುಕರೊಬ್ಬರು ಯಾವೂರೆಂದು ಕೇಳಿದರು. ಮಾವನವರು ವಿಜಾಪುರದ ಕಡೆ ಎಂದರು. ಮುದುಕರು ನಕ್ಕು, "ಹಿಂದೆ ವಿಜಾಪುರದವರು ಬಂದರೆ ಊರು ಬಿಟ್ಟು ಓಡಬೇಕಾಗಿತ್ತು, ನೀವು ಚಹಾ ಕುಡಿದು ಹೋಗಬೇಕು," ಎಂದರು. ಅದೂ ನಿಜವೇ. ಆದಿಲಶಾಹಿಯ ಮುರಾರ ಜಗದೇವ ಪುಣೆಯನ್ನು ಸುಟ್ಟದ್ದು ಈ ಸೀಮೆಯವರಿಗೆ ಇನ್ನೂ ಮರೆತಿಲ್ಲ. ಕಂಬ ನಮ್ಮದೆನ್ನುವವರು ಸುಟ್ಟದ್ದನ್ನೂ ನಮ್ಮದೆನ್ನಬೇಕಾಗುತ್ತದೆ. ಮಾವನವರು ತುಟಿಗೆ ಬಂದ ಮಾತನ್ನು ಒಳಗೇ ಇಟ್ಟುಕೊಂಡು ಆ ಮುದುಕರ ಮನೆಯ ಚಹಾ ಕುಡಿದರು. ಹೊರಡುವಾಗ ಇಬ್ಬರೂ ತಮ್ಮ ತಮ್ಮ ಮೊಣಕಾಲಿನ ನೋವಿನ ವಿಷಯ ಮಾತಾಡುತ್ತಿದ್ದರು. ಒಬ್ಬರದು ಕನ್ನಡ, ಒಬ್ಬರದು ಮರಾಠಿ, ನಡುವೆ ನಮ್ಮ ಮಗಳು ದುಭಾಷಿ.

ಗಾಡಿಗೆ ಇಪ್ಪತ್ತು ನಿಮಿಷ ಮೊದಲೇ ನಿಲ್ದಾಣ ಸೇರಿದೆವು. ಈಗ ಭಾನುವಾರದ ಫೋನು ನಮ್ಮ ಕೈಗೆ ಬರುವುದು ಕಷ್ಟವಾಗಿದೆ. ಆಕೆಯ ಕನ್ನಡ ಇನ್ನೂ ಮುರುಕಲೇ. ಒತ್ತಕ್ಷರಗಳು ಎಲ್ಲೆಲ್ಲಿಗೋ ಹೋಗುತ್ತವೆ. ಆದರೆ ಹೇಳಲು ಏನೋ ಇದೆ, ಕೇಳಲು ಒಬ್ಬರಿದ್ದಾರೆ. ಅಕ್ಷರ ತಿದ್ದುವ ಕೆಲಸ ಆಮೇಲೆ ಆಗಬಹುದು.

ಮುಂದಿನ ಸಲ ಭುಲೇಶ್ವರವೆಂದು ನಿಶ್ಚಯವಾಗಿದೆ. ಯವತದ ಹತ್ತಿರದ ಗುಡ್ಡದ ಮೇಲೆ ಯಾದವರ ಕಾಲದ ಶಿವಾಲಯ. ಕೈ ಮುಖ ಮುರಿದರೂ ಸೊಬಗು ಬಿಡದ ಮದನಿಕೆಯರು, ಗಣಪತಿಯ ಸ್ತ್ರೀರೂಪದ ಶಿಲ್ಪ. ಸುತ್ತಲೂ ದೌಲತಮಂಗಳವೆಂಬ ಕೋಟೆಯ ಅವಶೇಷ. ಅದನ್ನು ಕಟ್ಟಿಸಿದವನು ಅದೇ ಮುರಾರ ಜಗದೇವ. ಅವನನ್ನು ಮೊಮ್ಮಗಳಿಗೆ ಹೇಗೆ ಪರಿಚಯ ಮಾಡಿಕೊಡಬೇಕೆಂದು ಮಾವನವರು ಊರಿನಲ್ಲಿ ಪುಸ್ತಕ ತೆಗೆದು ಕೂತಿದ್ದಾರಂತೆ.

ವಾಚಕ ಬಂಧುಗಳೇ, ನೀವಿರುವ ಊರು ಯಾವುದಾದರೂ ಆಗಿರಲಿ, ಅದರ ಮಗ್ಗುಲಲ್ಲಿ ಒಂದು ಹಾಳು ಗುಡಿಯೋ ಕೋಟೆಯೋ ಇದ್ದೇ ಇರುತ್ತದೆ. ಅದನ್ನು ನಾಲ್ಕು ಗಂಟೆಯಲ್ಲಿ ತೋರಿಸುವಷ್ಟು ತಿಳಿದುಕೊಳ್ಳಿ. ಊರಿನಿಂದ ಹಿರಿಯರು ಬಂದಾಗ ಕರೆದೊಯ್ಯಿರಿ. ಬುತ್ತಿ, ನೀರು, ಹಿರಿಯರಿಗೆ ಕೂರಲು ಒಂದು ಚಾಪೆ ಮರೆಯಬೇಡಿ. ಹೇಳುವ ಕೆಲಸವನ್ನು ಮಾತ್ರ ಮಕ್ಕಳಿಗೆ ಬಿಡಿ. ದೌಂಡದಲ್ಲಿ ಗಾಡಿ ಬದಲಿಸುವವರಿದ್ದರೆ ಸಂಘದ ಮೂಲಕ ನಾಲ್ಕು ದಿನ ಮೊದಲು ತಿಳಿಸಿರಿ. ಜೀಪಿನ ಬಾಡಿಗೆ ಪಾಲಿನ ಮೇಲೆ, ಶೇಂಗಾ ಚಟ್ನಿ ನಮ್ಮ ಮನೆಯದು.