ಬಿಳಿಗಿರಿಯ ಮೇಲಣ ಪೂರ್ಣಚಂದ್ರ

ಚಾಮರಾಜನಗರದ ಪೂರ್ವ ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟಗಳ ಸಾಲು ಗೋಡೆಯಂತೆ ನಿಂತಿರುವುದು. ಪೌರ್ಣಮಿಯ ಸಂಜೆ ಅದರ ಹಿಂದಿನಿಂದ ಚಂದ್ರನು ತಾಮ್ರವರ್ಣನಾಗಿ ಏಳುವ ಶೋಭೆಯನ್ನು ಕಂಡವರಿಗೆ ಅದನ್ನು ಚಿತ್ರದಲ್ಲಿ ಹಿಡಿದಿಡುವ ಆಸೆ ಹುಟ್ಟುವುದು ಸಹಜ. ಆದರೆ ತೆಗೆದ ಚಿತ್ರದಲ್ಲಿ ಬಹುಧಾ ಕಾಣುವುದು ಒಂದು ಬಿಳಿಯ ಬೊಟ್ಟು ಮಾತ್ರ.

ಕಾರಣವಿಷ್ಟೆ. ಸುತ್ತಲಿನ ಕತ್ತಲೆಯನ್ನು ನೋಡಿ ಕ್ಯಾಮರಾ ಬೆಳಕನ್ನು ಬಹಳ ಹೊತ್ತು ಒಳಗೆ ಬಿಟ್ಟುಕೊಳ್ಳುವುದು. ಚಂದ್ರಲೋಕದಲ್ಲಿಯಾದರೋ ಆಗ ಹಗಲು. ನಮ್ಮ ಅರಿಸಿನದ ಹೊಲಗಳನ್ನು ಬೆಳಗುವ ಸೂರ್ಯನೇ ಅಲ್ಲಿಯೂ ಬೆಳಗುತ್ತಿರುವನು. ಆದುದರಿಂದ ಮೇಲೇರಿದ ಚಂದ್ರನಿಗೆ ಐಎಸ್‌ಒ 100, ದ್ವಾರ ಎಫ್ 11 ಇಟ್ಟು, ಸೆಕೆಂಡಿನ 1/100 ಭಾಗ ಮಾತ್ರ ತೆರೆದರೆ ಸಾಕು. ಬೆಟ್ಟದಂಚಿನಲ್ಲಿ ಮಂಕಾಗಿರುವಾಗ ತುಸು ಹೆಚ್ಚು ಬೇಕು. 300 ಮಿಲಿಮೀಟರಿನ ಮಸೂರದಲ್ಲಿಯೂ ಬಿಂಬವು ಮೂರು ಮಿಲಿಮೀಟರಿಗಿಂತ ಚಿಕ್ಕದಾಗಿ ಬೀಳುವುದರಿಂದ ಮುಕ್ಕಾಲಿಯ ಆಧಾರವಿಲ್ಲದೆ ಕೈಹಾಕಬಾರದು.

ಹುಣ್ಣಿಮೆಯಲ್ಲಿ ಚಂದ್ರನ ಬೆಟ್ಟಗುಂಡಿಗಳನ್ನು ಅರಸುವವರಿಗೆ ನಿರಾಶೆಯೇ ಸರಿ. ಸೂರ್ಯನು ನಮ್ಮ ಬೆನ್ನ ಕಡೆಯಿಂದ ಬೆಳಗುತ್ತಿರಲು ಅಲ್ಲಿ ನೆರಳಿಲ್ಲ; ನೆರಳಿಲ್ಲದೆ ಏರುತಗ್ಗು ತೋರದು. ಅದಕ್ಕೆ ಅಷ್ಟಮಿಯೇ ಲೇಸು. ಹುಣ್ಣಿಮೆಯ ಸಂಪತ್ತೇ ಬೇರೆ. ಟೈಕೋ ಎಂಬ ಕುಳಿಯಿಂದ ಹೊರಟ ಬಿಳಿಯ ರೇಖೆಗಳು, ಸುಲಿದ ಕಿತ್ತಳೆಯ ತೊಟ್ಟಿನಿಂದ ತೊಳೆಗಳ ಗೆರೆ ಹರಡಿದಂತೆ, ಆಗಲೇ ಪೂರ್ಣವಾಗಿ ಕಾಣುವುವು. ಉದಯಕಾಲದಲ್ಲಿ ಟೈಕೋ ನಮ್ಮ ಬಲಗಡೆಗೂ ಅಸ್ತಕಾಲದಲ್ಲಿ ಎಡಗಡೆಗೂ ಇರುವುದು. ಪ್ರಾಚೀನರು ಶಶವೆಂದೂ ಮೃಗವೆಂದೂ ಕರೆದ ಕಲಂಕವು ಹೆಪ್ಪುಗಟ್ಟಿದ ಲಾವಾರಸದ ಬಯಲು. 1651ರಲ್ಲಿ ರಿಚಿಯೋಲಿ ಎಂಬ ಪಾದ್ರಿಯು ಇವಕ್ಕೆ ಸಮುದ್ರಗಳ ಹೆಸರಿಟ್ಟನು. ನೀರಿನ ಹನಿಯೂ ಇಲ್ಲದ ಸಮುದ್ರಗಳು! ಮೊಲದ ತಲೆಯೆನ್ನಬಹುದಾದ ಶಾಂತಿಸಾಗರದಲ್ಲಿ 1969ರ ಜುಲೈನಲ್ಲಿ ಮನುಷ್ಯನು ಮೊದಲು ಕಾಲಿಟ್ಟನು. ಬೆಂಗಳೂರಿನಿಂದ ನಿಯಂತ್ರಿಸಿದ ಚಂದ್ರಯಾನ-3 ಇಳಿದುದು 2023ರ ಆಗಸ್ಟ್ 23ರಂದು, ಟೈಕೋವಿಗಿಂತಲೂ ದಕ್ಷಿಣಕ್ಕೆ. ಚಿತ್ರವನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಈ ಸ್ಥಳಗಳನ್ನು ಬೆರಳಿಟ್ಟು ತೋರಿಸಬಹುದು.

ಬೆಟ್ಟವೂ ಚಂದ್ರನೂ ಒಂದೇ ಚಿತ್ರದಲ್ಲಿ ಬೇಕೆನ್ನುವವರು ಚತುರ್ದಶಿಯ ಸಂಜೆಯೇ ಹೊರಡತಕ್ಕದ್ದು. ಚಂದ್ರೋದಯವು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುವುದಷ್ಟೆ. ಹಿಂದಿನ ದಿನ ಅವನು ಸೂರ್ಯಾಸ್ತಕ್ಕೆ ಮುಂಚೆಯೇ ಏಳುವನು, ಬೆಟ್ಟದ ಮೇಲೆ ಇನ್ನೂ ಬಿಸಿಲಿರುವುದು. ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಬಂದವರಿಗೆ ಹುಣ್ಣಿಮೆಯ ಮರುದಿನದ ಪ್ರಾತಃಕಾಲವು ಅನುಕೂಲ. ಬೇಸಗೆಯಲ್ಲಿ ಚಂದ್ರನು ಪಶ್ಚಿಮದಿಂದ ದಕ್ಷಿಣಕ್ಕೆ ಸರಿದು, ಹಿಮವದ್ ಗೋಪಾಲಸ್ವಾಮಿ ಬೆಟ್ಟವಿರುವ ಕಡೆಗೆ ವಾಲಿ ಮುಳುಗುವನು. ಸುಮಾರು 1450 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಇರುಳು ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿಯೂ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಇದನ್ನು ಕೆಲವರು ಹಳಿಯುವರು. ಚಿತ್ರದ ಆಸೆಗಾಗಿ ಆನೆಯ ದಾರಿಗೆ ಅಡ್ಡ ನಿಲ್ಲುವುದು ನನಗಂತೂ ಸಮ್ಮತವಲ್ಲ. ಊರಿನ ಹೊರಗಿನ ಹೊಲದ ಬದುವೇ ಸಾಕು.

ಚಾಮರಾಜೇಶ್ವರನ ರಥೋತ್ಸವವನ್ನು ನೋಡಲು ಆಷಾಢದಲ್ಲಿ ಬರುವ ನವದಂಪತಿಗಳು ಚಂದ್ರನನ್ನು ನೆಚ್ಚಿ ಕ್ಯಾಮರಾ ತರಬೇಕಾದುದಿಲ್ಲ, ಮೋಡಗಳು ಬಿಡವು. ಮಾಘದ ಹುಣ್ಣಿಮೆಗೆ ಬರಲಿ. ಆಗ ಆಕಾಶವು ನಿರ್ಮಲವಾಗಿದ್ದು, ನಡುರಾತ್ರಿಯ ಚಂದ್ರನು ಈ ಸೀಮೆಯಲ್ಲಿ ನೆತ್ತಿಯ ತೀರ ಸಮೀಪಕ್ಕೆ ಬರುವನು.